ಪೇಸ್‌ಮೇಕರ್ ಅಳವಡಿಸಿದ ನಂತರದ ತೋಳು ಮತ್ತು ಭುಜದ ನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಯಿಗೆ 72ನೆಯ ವಯಸ್ಸಿನಲ್ಲಿ ಪೇಸ್‌ಮೇಕರ್ ಅಳವಡಿಸಿದಾಗ ಆಸ್ಪತ್ರೆಯಿಂದ ಬಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೈಯ ಬಗ್ಗೆ ಇದ್ದದ್ದು ಒಂದೇ ಸಾಲು: ಎಡಗೈ ಎತ್ತಬಾರದು. ಎಷ್ಟು ಎತ್ತಬಾರದು, ಎಂದಿನವರೆಗೆ ಎತ್ತಬಾರದು ಎಂಬುದು ಅದರಲ್ಲಿ ಇರಲಿಲ್ಲ. ಕೇಳಬೇಕೆಂದು ನಮಗೂ ಹೊಳೆಯಲಿಲ್ಲ. ಅವರು ಮೂರು ತಿಂಗಳು ಎಡಗೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡೇ ಕಳೆದರು. ಹೃದಯದ ಬಡಿತ ಸರಿಹೋಯಿತು, ಹೆಗಲು ಮಾತ್ರ ಬಿಗಿದುಕೊಂಡಿತು. ಆ ಹೆಗಲನ್ನು ಸಡಿಲಗೊಳಿಸಲು ಫಿಸಿಯೋಥೆರಪಿಗೆ ಅಲೆದ ತಿಂಗಳುಗಳಲ್ಲಿ ತಿಳಿದುಕೊಂಡದ್ದನ್ನು, ಬಂಧುಗಳೂ ಪರಿಚಿತರೂ ಆಮೇಲೆ ನಮ್ಮನ್ನು ಕೇಳುತ್ತ ಬಂದ ಪ್ರಶ್ನೆಗಳ ರೂಪದಲ್ಲಿ ಇಲ್ಲಿ ಬರೆದಿದ್ದೇನೆ. ನಿಮ್ಮ ವೈದ್ಯರು ನಿಮ್ಮನ್ನು ನೋಡಿ ಬೇರೆ ರೀತಿ ಹೇಳಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಪೇಸ್‌ಮೇಕರ್ ಇಟ್ಟದ್ದು ಎದೆಯಲ್ಲಿ. ತೋಳು, ಭುಜ ಏಕೆ ನೋಯುತ್ತವೆ?

ಸಾಮಾನ್ಯವಾಗಿ ಎಡಭಾಗದಲ್ಲಿ, ಕಾಲರ್ ಬೋನ್ ಎಂದು ಕರೆಯುವ ಕೊರಳ ಬುಡದ ಎಲುಬಿನ ಕೆಳಗೆ, ಎರಡು ಅಂಗುಲದಷ್ಟು ಚರ್ಮವನ್ನು ಕೊಯ್ದು, ಚರ್ಮಕ್ಕೂ ಎದೆಯ ದೊಡ್ಡ ಸ್ನಾಯುವಿಗೂ ನಡುವೆ ಜೇಬಿನಂತಹ ಜಾಗವನ್ನು ಬಿಡಿಸಿ ಪೇಸ್‌ಮೇಕರನ್ನು ಅದರೊಳಗೆ ಇಡುತ್ತಾರೆ. ಆ ಸ್ನಾಯುವಿನ ಒಂದು ತುದಿ ಎದೆಯ ಎಲುಬುಗಳಲ್ಲಿದ್ದರೆ ಇನ್ನೊಂದು ತುದಿ ಅಂಟಿಕೊಂಡಿರುವುದು ತೋಳಿನ ಎಲುಬಿನ ಮೇಲ್ಭಾಗಕ್ಕೆ. ಹೀಗಾಗಿ ಲೋಟ ತೆಗೆದುಕೊಳ್ಳಲು ಕೈ ಚಾಚಿದರೂ ಗಾಯದ ತಳ ಜಗ್ಗಿದಂತಾಗುತ್ತದೆ. ಹೃದಯಕ್ಕೆ ಹೋಗುವ ಲೀಡ್‌ಗಳು, ಅಂದರೆ ತೆಳುವಾದ ತಂತಿಗಳು ಸಹ ತೋಳಿನಿಂದ ಹೃದಯದ ಕಡೆಗೆ ಮರಳುವ ರಕ್ತನಾಳದ ಮೂಲಕವೇ ಒಳಗೆ ಇಳಿದಿರುತ್ತವೆ. ಇವೆಲ್ಲದರ ಮೇಲೆ, ನೋವಿಗೆ ಹೆದರಿ ಹೆಗಲನ್ನು ಕಿವಿಯ ಕಡೆಗೆ ಎತ್ತಿ ಬಿಗಿಹಿಡಿದು ಕೂರುವ ಅಭ್ಯಾಸವೊಂದು ನಮಗೆ ತಿಳಿಯದಂತೆಯೇ ಸೇರಿಕೊಳ್ಳುತ್ತದೆ. ಎರಡನೆಯ ವಾರದ ಹೊತ್ತಿಗೆ ಕತ್ತು ಮತ್ತು ಬೆನ್ನಿನ ರೆಕ್ಕೆ ಎಲುಬಿನ ಸುತ್ತ ಕಾಣಿಸಿಕೊಳ್ಳುವ ನೋವಿಗೆ ಬಹುಪಾಲು ಕಾರಣ ಗಾಯವಲ್ಲ, ಈ ಬಿಗಿ.

ನೋವು ಎಷ್ಟು ದಿನ ಇದ್ದರೆ ಸಹಜ?

ಮೊದಲ ಎರಡು ಮೂರು ದಿನ ಹೆಚ್ಚು. ವಾರ ಕಳೆಯುವಷ್ಟರಲ್ಲಿ ಗಣನೀಯವಾಗಿ ಇಳಿಯಬೇಕು. ಮುಟ್ಟಿದರೆ ನೋಯುವುದು, ಗಾಯದ ಸುತ್ತ ಚರ್ಮ ಜೋಮು ಹಿಡಿದಂತಿರುವುದು, ಮಳೆಗಾಲದ ತಂಪಿಗೆ ಸೆಳೆದಂತಾಗುವುದು ನಾಲ್ಕರಿಂದ ಆರು ವಾರಗಳವರೆಗೆ, ಕೆಲವರಿಗೆ ಇನ್ನೂ ತುಸು ಹೆಚ್ಚು ಕಾಲ ಇರಬಹುದು. ಇಂದಿನ ನೋವು ಎಷ್ಟಿದೆ ಎಂಬುದಕ್ಕಿಂತ ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದನ್ನು ಗಮನಿಸಬೇಕು. ಇಳಿಯುತ್ತಿದ್ದ ನೋವು ಹತ್ತನೆಯ ದಿನ ಮತ್ತೆ ಏರತೊಡಗಿದರೆ ಅದು ವೈದ್ಯರಿಗೆ ತಿಳಿಸಬೇಕಾದ ವಿಷಯ.

ಕೈಯನ್ನು ಎಷ್ಟು ಎತ್ತಬಹುದು, ಈ ನಿರ್ಬಂಧ ಎಂದಿನವರೆಗೆ?

ಲೀಡಿನ ತುದಿಯು ಹೃದಯದ ಒಳಗೋಡೆಗೆ ಸಣ್ಣ ತಿರುಪಿನಿಂದಲೋ ಲಂಗರಿನಂತಹ ಪುಟ್ಟ ಕೊಕ್ಕೆಗಳಿಂದಲೋ ಹಿಡಿದುಕೊಂಡಿರುತ್ತದೆ. ಅದರ ಸುತ್ತ ದೇಹದ ಅಂಗಾಂಶ ಬೆಳೆದು ಭದ್ರವಾಗಲು ಕೆಲವು ವಾರಗಳು ಬೇಕು. ಅಷ್ಟರೊಳಗೆ ಕೈಯನ್ನು ಜೋರಾಗಿ ತಲೆಯ ಮೇಲಕ್ಕೆ ಬೀಸಿದರೆ ಅಥವಾ ಭಾರವನ್ನು ಜಗ್ಗಿ ಎಳೆದರೆ ತುದಿ ಜಾಗ ಬಿಡುವ ಸಾಧ್ಯತೆ ಇರುತ್ತದೆ ಎಂಬುದೇ ಈ ಎಚ್ಚರಿಕೆಯ ಹಿಂದಿನ ಕಾರಣ. ಅದಕ್ಕಾಗಿ ಹೆಚ್ಚಿನ ವೈದ್ಯರು ನಾಲ್ಕರಿಂದ ಆರು ವಾರ ಪೇಸ್‌ಮೇಕರ್ ಇರುವ ಬದಿಯ ಮೊಣಕೈ ಹೆಗಲಿನ ಮಟ್ಟವನ್ನು ದಾಟಬಾರದು, ಆ ಕೈಯಲ್ಲಿ ನಾಲ್ಕೈದು ಕಿಲೋಗಿಂತ ಹೆಚ್ಚಿನ ಭಾರ ಎತ್ತಬಾರದು, ಕೈಯನ್ನು ಥಟ್ಟನೆ ಬೆನ್ನ ಹಿಂದಕ್ಕೆ ಒಯ್ಯಬಾರದು ಎನ್ನುತ್ತಾರೆ. ಕೆಲವರು ಇದಕ್ಕಿಂತ ಕಡಿಮೆ ಅವಧಿ ಹೇಳುವುದೂ ಉಂಟು.

ಈ ಸೂಚನೆಯನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಮೊಣಕೈ ಹೆಗಲಿನ ಮಟ್ಟ ದಾಟಬಾರದು ಎಂದರೆ ಅಲ್ಲಿಯವರೆಗೆ ಎತ್ತಬಹುದು ಎಂದೇ ಅರ್ಥ. ಊಟ ಮಾಡುವುದು, ಹಲ್ಲುಜ್ಜುವುದು, ಮುಖ ತೊಳೆಯುವುದು, ಕನ್ನಡಕ ಹಾಕಿಕೊಳ್ಳುವುದು, ತಲೆಯನ್ನು ತುಸು ಬಾಗಿಸಿ ಬಾಚಿಕೊಳ್ಳುವುದು, ಇವೆಲ್ಲ ಆ ಗಡಿಯ ಒಳಗೇ ಬರುತ್ತವೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಎಷ್ಟು ಎತ್ತರ, ಎಷ್ಟು ಭಾರ, ಯಾವ ತಾರೀಖಿನವರೆಗೆ ಎಂಬ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಆ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊನೆಯ ದಿನ ಗೊತ್ತಿಲ್ಲದ ಪಥ್ಯವನ್ನು ವಯಸ್ಸಾದವರು ಜೀವನಪೂರ್ತಿ ಮಾಡಿಬಿಡುತ್ತಾರೆ.

ನಿದ್ದೆಗಣ್ಣಿನಲ್ಲಿ ಕೈ ತಲೆಯ ಮೇಲೆ ಹೋಗಿಬಿಟ್ಟಿತ್ತು. ಏನಾದರೂ ಆಗಿರಬಹುದೇ?

ಒಮ್ಮೆ ಹಾಗೆ ಆದ ಮಾತ್ರಕ್ಕೆ ಲೀಡ್ ಸರಿಯುವುದು ಅಪರೂಪ. ತಲೆ ಸುತ್ತುವುದು, ಕಣ್ಣು ಕತ್ತಲೆ ಬರುವುದು, ಶಸ್ತ್ರಚಿಕಿತ್ಸೆಗೆ ಮೊದಲು ಇದ್ದ ಸುಸ್ತು ಮರಳುವುದು, ನಿಲ್ಲದ ಬಿಕ್ಕಳಿಕೆ, ಎದೆ ಅಥವಾ ಹೊಟ್ಟೆಯ ಸ್ನಾಯು ತಾಳ ಹಾಕಿದಂತೆ ಅದುರುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ ಪೇಸ್‌ಮೇಕರ್ ಪರೀಕ್ಷೆ ಮಾಡಿಸಬೇಕು. ಇವು ಯಾವುವೂ ಇಲ್ಲದಿದ್ದರೆ ನೆಮ್ಮದಿಯಿಂದಿರಿ.

ಕೈಯನ್ನು ಅಲುಗಿಸದೆಯೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದಲ್ಲವೇ?

ಅಲ್ಲ. ನಮ್ಮ ಮನೆಯಲ್ಲಿ ಆದ ತಪ್ಪು ಇದೇ. ಭುಜದ ಕೀಲನ್ನು ಸುತ್ತುವರಿದ ತೆಳುವಾದ ಚೀಲವೊಂದಿದೆ. ಕೀಲು ವಾರಗಟ್ಟಲೆ ಆಡದಿದ್ದರೆ ಆ ಚೀಲ ದಪ್ಪವಾಗಿ, ಕುಗ್ಗಿ, ಅಂಟಿಕೊಂಡು, ಫ್ರೋಜನ್ ಶೋಲ್ಡರ್ ಎಂದು ಹೇಳುವ ಸ್ಥಿತಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದರ ಅಪಾಯ ಹೆಚ್ಚು. ಮೊದಮೊದಲು ರಾತ್ರಿ ಆ ಬದಿಗೆ ಹೊರಳಿದಾಗ ಮಾತ್ರ ನೋಯುತ್ತದೆ. ಆಮೇಲೆ ರವಿಕೆಯ ತೋಳಿಗೆ ಕೈ ತೂರಿಸಲಾಗುವುದಿಲ್ಲ. ಕೊನೆಗೆ ಮುಡಿಗೆ ಹೂವು ಮುಡಿಯಲು ಕೈ ಹೋಗುವುದಿಲ್ಲ. ನಮ್ಮ ತಾಯಿ ಬಲ ಅಂಗೈಯಲ್ಲಿ ಎಡ ಮೊಣಕೈಯನ್ನು ತಾಂಬೂಲದ ತಟ್ಟೆಯಂತೆ ಹಿಡಿದುಕೊಂಡು ಕೂರುತ್ತಿದ್ದುದನ್ನು ನಾವು ಜಾಗ್ರತೆ ಎಂದು ಮೆಚ್ಚಿಕೊಂಡಿದ್ದೆವು. ಪೇಸ್‌ಮೇಕರಿನ ಗಾಯ ಮೂರು ವಾರದಲ್ಲಿ ಮಾಗಿತು, ಹೆಗಲು ಪೂರ್ತಿ ತಿರುಗಲು ಒಂಬತ್ತು ತಿಂಗಳು ಬೇಕಾಯಿತು.

ತೋಳುಪಟ್ಟಿ, ಅಂದರೆ ಸ್ಲಿಂಗ್ ಕೊಟ್ಟಿದ್ದರೆ ಸಾಮಾನ್ಯವಾಗಿ ಅದು ಮೊದಲ ಒಂದೆರಡು ದಿನಕ್ಕೆ, ಹೆಚ್ಚೆಂದರೆ ನಿದ್ದೆಯ ಹೊತ್ತಿಗೆ. ವಾರಗಟ್ಟಲೆ ಕಟ್ಟಿಕೊಂಡಿರಲು ವೈದ್ಯರೇ ಹೇಳಿಲ್ಲದಿದ್ದರೆ ಬಿಚ್ಚಿಡಿ.

ಹಾಗಾದರೆ ಯಾವ ವ್ಯಾಯಾಮ ಮಾಡಬಹುದು?

ಮರುದಿನದಿಂದಲೇ ಮುಷ್ಟಿ ಕಟ್ಟಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಮೊಣಕೈ ಮಡಿಸಿ ಚಾಚುವುದು, ಹೆಗಲುಗಳನ್ನು ನಿಧಾನವಾಗಿ ಹಿಂದಕ್ಕೆ ಉರುಳಿಸಿ ಕೆಳಗೆ ಬಿಡುವುದು ಸಾಮಾನ್ಯವಾಗಿ ಯಾರಿಗೂ ಅಡ್ಡಿಯಿಲ್ಲ. ಕೆಲವು ದಿನಗಳ ನಂತರ, ವೈದ್ಯರು ಒಪ್ಪಿದರೆ, ಮೇಜಿನ ಮೇಲೆ ಬಲಗೈ ಊರಿ ಸ್ವಲ್ಪ ಬಾಗಿ ಎಡಗೈಯನ್ನು ಸಡಿಲವಾಗಿ ಇಳಿಬಿಟ್ಟು ಗಡಿಯಾರದ ಲೋಲಕದಂತೆ ಮೆಲ್ಲಗೆ ತೂಗಬಹುದು. ಬಾಗಿದರೆ ತಲೆ ಸುತ್ತುವವರು ಇದನ್ನು ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಬೇಕು.

ನಿರ್ಬಂಧದ ಅವಧಿ ಮುಗಿದ ಮೇಲೆ ಗೋಡೆಯ ವ್ಯಾಯಾಮ ಬಹಳ ಉಪಯುಕ್ತ. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡ ಹತ್ತಿದಂತೆ ಒಂದೊಂದಾಗಿ ಮೇಲಕ್ಕೆ ಏರಿಸಿ, ಎಳೆತ ಗೊತ್ತಾಗುವಲ್ಲಿ ನಿಲ್ಲಿಸಿ, ಹತ್ತು ಎಣಿಸಿ ಇಳಿಸುವುದು. ನಮ್ಮ ಅಡುಗೆಮನೆಯ ಬಾಗಿಲ ಪಕ್ಕ, ವಾರಕ್ಕೊಮ್ಮೆ ತಾಯಿಯ ಬೆರಳು ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಲ್ಲಿ ಎಳೆದ ಗೆರೆಗಳು ಇನ್ನೂ ಇವೆ. ಮೊದಲನೆಯದು ಸ್ವಿಚ್‌ಬೋರ್ಡಿನ ಸಮಕ್ಕೆ, ಕೊನೆಯದು ಬಾಗಿಲ ತೋರಣದ ಮೊಳೆಯ ಸಮಕ್ಕೆ. ಎಳೆತ ಸಹಜ, ಚುಚ್ಚಿದಂತಹ ನೋವು ಬಂದರೆ ಅಂದಿಗೆ ನಿಲ್ಲಿಸಬೇಕು.

ಅಡುಗೆ, ಮನೆಕೆಲಸಗಳಲ್ಲಿ ಯಾವುದು ಸರಿ, ಯಾವುದು ಬೇಡ?

ಎತ್ತರ, ಭಾರ, ಜಗ್ಗಾಟ ಎಂಬ ಮೂರರಿಂದ ಪ್ರತಿ ಕೆಲಸವನ್ನೂ ಅಳೆದರೆ ಉತ್ತರ ತಾನಾಗಿ ಸಿಗುತ್ತದೆ. ತರಕಾರಿ ಹೆಚ್ಚುವುದು, ಒಗ್ಗರಣೆ ಹಾಕುವುದು, ದೋಸೆ ಹುಯ್ಯುವುದು, ಬಲಗೈಯಲ್ಲಿ ರಂಗೋಲಿ ಎಳೆಯುವುದು ಮೊದಲ ವಾರದ ನಂತರ ಕಷ್ಟವಲ್ಲ. ರಾಗಿ ಮುದ್ದೆ ತೊಳಸುವುದು ಹಾಗಲ್ಲ: ಪಾತ್ರೆಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಕೋಲನ್ನು ಭುಜದ ಬಲದಿಂದ ತಿರುವಬೇಕಾಗುತ್ತದೆ. ಕಾಯಿ ತುರಿಯುವಾಗಲೂ ಮೈಭಾರವೆಲ್ಲ ಎರಡೂ ತೋಳಿನ ಮೇಲೆ ಬೀಳುತ್ತದೆ. ಇವೆರಡನ್ನೂ ಒಂದು ತಿಂಗಳು ಮನೆಯ ಬೇರೆಯವರು ವಹಿಸಿಕೊಳ್ಳಲಿ. ಬಾವಿಯಿಂದ ನೀರು ಸೇದುವುದರಲ್ಲಿ ಎತ್ತರ, ಭಾರ, ಜಗ್ಗಾಟ ಮೂರೂ ಒಟ್ಟಿಗಿವೆ. ಅವಧಿ ಮುಗಿಯುವವರೆಗೆ ಅದು ಖಂಡಿತ ಬೇಡ.

ಭಾರದ ಅಂದಾಜು ನಮಗೆ ಹಲವು ಸಲ ತಪ್ಪುತ್ತದೆ. 20 ಲೀಟರಿನ ನೀರಿನ ಕ್ಯಾನ್ 20 ಕಿಲೋ, 14.2 ಕಿಲೋ ಅನಿಲದ ಸಿಲಿಂಡರ್ ಪಾತ್ರೆಯ ತೂಕವೂ ಸೇರಿ 30 ಕಿಲೋದಷ್ಟು. ಎರಡು ವರ್ಷದ ಮೊಮ್ಮಗು ಹತ್ತು ಕಿಲೋ ದಾಟಿರುತ್ತದೆ, ಅದೂ ಸುಮ್ಮನಿರುವ ಭಾರವಲ್ಲ. ನೀವು ಕುಳಿತುಕೊಂಡು, ಮಗುವನ್ನು ಬೇರೆಯವರಿಂದ ತೊಡೆಯ ಮೇಲೆ ಕೂರಿಸಿಕೊಳ್ಳಿ. ಅಟ್ಟದ ಮೇಲಿನ ಡಬ್ಬಿಗಳನ್ನು ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನವೇ ಸೊಂಟದ ಎತ್ತರಕ್ಕೆ ಇಳಿಸಿಟ್ಟರೆ, ಬಟ್ಟೆ ಒಣಹಾಕಲು ಎತ್ತರದ ತಂತಿಯ ಬದಲು ತಗ್ಗಿನ ಸ್ಟ್ಯಾಂಡ್ ತಂದರೆ ಅರ್ಧ ಚಿಂತೆ ಕಳೆಯುತ್ತದೆ. ಇಂಡಕ್ಷನ್ ಒಲೆ ಬಳಸುವವರು ಅದಕ್ಕೂ ಪೇಸ್‌ಮೇಕರಿಗೂ ನಡುವೆ ಎರಡು ಅಡಿ ಅಂತರ ಇರುವಂತೆ ನಿಲ್ಲಬೇಕು. ಇದು ಹೆಗಲಿಗೆ ಸಂಬಂಧಿಸಿದ್ದಲ್ಲವಾದರೂ ಅಡುಗೆಮನೆಯ ಮಾತು ಬಂದಾಗ ಹೇಳದೆ ಬಿಡಲಾಗದು.

ನೋವಿಗೆ ಯಾವ ಮಾತ್ರೆ ತೆಗೆದುಕೊಳ್ಳಬಹುದು?

ಹೆಚ್ಚಿನವರಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ. ನೋವು ಸಹಿಸಲಾಗದಷ್ಟು ಏರಿದ ಮೇಲೆ ನುಂಗುವುದಕ್ಕಿಂತ, ಮೊದಲ ಎರಡು ಮೂರು ದಿನ ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನಿದ್ದೆಯೂ ಬರುತ್ತದೆ, ಕೈಯೂ ಆಡುತ್ತದೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ವಯಸ್ಸಾದವರು, ತೂಕ ಕಡಿಮೆ ಇರುವವರು, ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುವುದರಿಂದ ಎರಡನ್ನೂ ಒಟ್ಟಿಗೆ ನುಂಗಿದರೆ ಲೆಕ್ಕ ತಪ್ಪುತ್ತದೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಮುಂತಾದವನ್ನು ಔಷಧದ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುತ್ತಾರೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಹೃದಯದ ಪಂಪು ಮಾಡುವ ಶಕ್ತಿ ಕುಗ್ಗಿರುವವರಿಗೆ ಅವು ಹಾನಿ ಮಾಡಬಲ್ಲವು. ಹೃದ್ರೋಗ ತಜ್ಞರನ್ನು ಕೇಳದೆ ಅವು ಬೇಡ. ನೋವಿನ ಇಂಜೆಕ್ಷನ್ ಅಂತೂ ಬೇಡವೇ ಬೇಡ. ಹಾಗೆಯೇ, ಗಾಯದಲ್ಲಿ ರಕ್ತ ಕಟ್ಟಿದೆ ಎಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು.

ಐಸ್, ಬಿಸಿ ಶಾಖ, ಎಣ್ಣೆ ನೀವುವುದು, ಅರಿಶಿನ?

ಮೊದಲ ದಿನಗಳಲ್ಲಿ ಬಟ್ಟೆಯಲ್ಲಿ ಸುತ್ತಿದ ಐಸನ್ನು ಗಾಯದ ಪಕ್ಕದಲ್ಲಿ ಹತ್ತು ನಿಮಿಷ ಇಡಬಹುದು, ಡ್ರೆಸಿಂಗ್ ನೆನೆಯಬಾರದು. ಪೇಸ್‌ಮೇಕರಿನ ಮೇಲೆ ಬಿಸಿ ಶಾಖ ಬೇಡ. ಬಿಗಿದ ಕತ್ತಿಗೆ, ಬೆನ್ನಿನ ಮೇಲ್ಭಾಗಕ್ಕೆ ಹದವಾದ ಬಿಸಿನೀರಿನ ಚೀಲ ಹಿತವಾಗುತ್ತದೆ. ಗಾಯ ಒಣಗಿದೆ ಎಂದು ಆಸ್ಪತ್ರೆಯವರು ಹೇಳುವವರೆಗೆ ಅದರ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ, ಮುಲಾಮು, ವಿಭೂತಿ ಏನನ್ನೂ ಹಚ್ಚಬಾರದು. ಎಣ್ಣೆ ಸ್ನಾನವನ್ನೂ ಮುಂದೂಡಿ.

ನೀವುವ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಚರ್ಮದಡಿ ಇರುವ ಪೇಸ್‌ಮೇಕರನ್ನು ಬೆರಳಿನಿಂದ ತಿರುಗಿಸುವ, ಸರಿಸುವ ಚಾಳಿ ಕೆಲವರಿಗೆ ಅಂಟಿಕೊಳ್ಳುತ್ತದೆ. ಹಾಗೆ ತಿರುಗಿಸುತ್ತ ಹೋದರೆ ಲೀಡ್ ದಾರದಂತೆ ಪೆಟ್ಟಿಗೆಗೆ ಸುತ್ತಿಕೊಂಡು ಹೃದಯದಿಂದ ಕಿತ್ತು ಬರುವುದುಂಟು. ಅದಕ್ಕೆ 1968ರಿಂದಲೇ ವೈದ್ಯಶಾಸ್ತ್ರದಲ್ಲಿ ಟ್ವಿಡ್ಲರ್ ಸಿಂಡ್ರೋಮ್ ಎಂಬ ಹೆಸರಿದೆ.

ಮಲಗುವಾಗ, ಬಟ್ಟೆ ತೊಡುವಾಗ ಏನು ಮಾಡಬೇಕು?

ಅಂಗಾತ ಅಥವಾ ಇನ್ನೊಂದು ಮಗ್ಗುಲಿಗೆ ಮಲಗಿ, ನೋಯುವ ತೋಳಿನ ಕೆಳಗೆ ಒಂದು ದಿಂಬು ಕೊಟ್ಟರೆ ಹೆಗಲು ಜೋತುಬೀಳುವುದಿಲ್ಲ. ತಲೆಯ ಮೇಲಿಂದ ತೊಡುವ ಬಟ್ಟೆಗಳ ಬದಲು ಮುಂದೆ ಗುಂಡಿ ಅಥವಾ ಹುಕ್ಕು ಇರುವ ಬಟ್ಟೆ ಅನುಕೂಲ. ತೊಡುವಾಗ ನೋಯುವ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಒಳ ಉಡುಪಿನ ಪಟ್ಟಿ ಗಾಯದ ಮೇಲೆಯೇ ಹಾಯ್ದರೆ ಅದರಡಿ ಮೆತ್ತನೆಯ ಹತ್ತಿಬಟ್ಟೆಯ ಮಡಿಕೆ ಇಡಿ. ಕಾರಿನ ಸೀಟ್ ಬೆಲ್ಟಿಗೂ ಇದೇ ಉಪಾಯ. ನೋಯುತ್ತದೆ ಎಂದು ಬೆಲ್ಟ್ ಹಾಕದೆ ಕೂರಬಾರದು.

ತೋಳು ಊದಿಕೊಂಡಿದೆ. ಇದು ಸಹಜವೇ?

ಗಾಯದ ಸುತ್ತ ಸ್ವಲ್ಪ ಊತ, ಹಸಿರು ನೀಲಿ ಬಣ್ಣದ ಕಂದು ಸಹಜ. ಅದು ದಿನೇ ದಿನೇ ಕೆಳಗಿಳಿದು ಮಾಸುತ್ತದೆ. ಆದರೆ ಇಡೀ ತೋಳು ಅಥವಾ ಅಂಗೈ ಊದಿ, ಭಾರವೆನಿಸಿ, ಬಣ್ಣ ನೀಲಿಗೆ ತಿರುಗಿ, ಹೆಗಲಿನ ಮೇಲೆ ಹಿಂದೆಂದೂ ಕಾಣದ ನರಗಳು ಎದ್ದು ಕಂಡರೆ, ಲೀಡ್ ಹಾಯ್ದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ತೋರಿಸಬೇಕು.

ಗಾಯದ ಜಾಗ ಉಬ್ಬುತ್ತಿದೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿ ತೆಗೆಸಬಹುದೇ?

ಖಂಡಿತ ಬೇಡ. ಒಳಗೆ ರಕ್ತ ಕಟ್ಟಿದ್ದರೂ ಸೂಜಿ ಚುಚ್ಚಿದರೆ ಸೋಂಕು ಒಳಸೇರುವ ದಾರಿ ತೆರೆದಂತಾಗುತ್ತದೆ. ಪೇಸ್‌ಮೇಕರ್ ಇರುವ ಜಾಗಕ್ಕೆ ಸೋಂಕು ತಗುಲಿದರೆ ಹಲವು ಸಲ ಪೆಟ್ಟಿಗೆ, ಲೀಡ್ ಎಲ್ಲವನ್ನೂ ತೆಗೆಯಬೇಕಾಗುತ್ತದೆ. ಬಿಗಿದು ಬೆಳೆಯುತ್ತಿರುವ ಉಬ್ಬು, ಕೆಂಪು, ಮುಟ್ಟಿದರೆ ಬಿಸಿ, ಕೀವು, ಜ್ವರ, ಚಳಿ, ಚರ್ಮ ತೆಳುವಾಗಿ ಲೋಹದ ಅಂಚು ಕಾಣುವಂತಾಗುವುದು, ಇವಾವುದಿದ್ದರೂ ಅಳವಡಿಸಿದ ಆಸ್ಪತ್ರೆಗೇ ಹೋಗಿ. ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ನುಂಗಿ ಕಾದು ನೋಡುವುದು ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಎಡತೋಳಿನ ನೋವು ಎಂದರೆ ಹೃದಯಾಘಾತ ಇರಬಹುದೇ?

ಇರಬಹುದು, ಮತ್ತು ಪೇಸ್‌ಮೇಕರ್ ಇದೆ ಎಂಬ ಧೈರ್ಯ ಇಲ್ಲಿ ಸಲ್ಲದು. ಅದು ಬಡಿತ ನಿಧಾನವಾಗದಂತೆ ಕಾಯುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದನ್ನು ತಡೆಯುವುದಿಲ್ಲ. ಗಾಯದ ನೋವು ಕೈ ಆಡಿಸಿದಾಗ, ಒತ್ತಿದಾಗ ಹೆಚ್ಚುತ್ತದೆ, ಕೈಗೆ ಆಸರೆ ಕೊಟ್ಟಾಗ ತಗ್ಗುತ್ತದೆ. ಕೈ ಸುಮ್ಮನಿದ್ದರೂ ಎದೆ ಹಿಂಡಿದಂತಾಗಿ ತೋಳಿಗೆ, ದವಡೆಗೆ ಹರಿಯುವ ನೋವು, ಬೆವರು, ಉಬ್ಬಸ, ವಾಕರಿಕೆ, ನಡೆದಾಗ ಹೆಚ್ಚುವ ಎದೆಭಾರ ಇದ್ದರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯವರಲ್ಲಿ ಈ ಲಕ್ಷಣಗಳು ಮಸುಕಾಗಿರಬಹುದಾದ್ದರಿಂದ ಅನುಮಾನ ಬಂದರೆ ಕಾಯಬಾರದು. ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಉಸಿರೆಳೆದಾಗ ಚುಚ್ಚುವ ಎದೆನೋವು, ಏದುಸಿರು ಬಂದರೂ ತಡಮಾಡಬೇಡಿ. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿರುವ ಸಾಧ್ಯತೆ ಇರುತ್ತದೆ.

ಫಿಸಿಯೋಥೆರಪಿಯ ಯಂತ್ರಗಳನ್ನು ಬಳಸಬಹುದೇ?

ಕೈಯಿಂದ ಮಾಡಿಸುವ ವ್ಯಾಯಾಮಕ್ಕೆ ಅಡ್ಡಿಯಿಲ್ಲ. ಡಯಾಥರ್ಮಿ ಎಂಬ ಶಾಖದ ಯಂತ್ರ ಪೇಸ್‌ಮೇಕರ್ ಇರುವವರಿಗೆ ಸಲ್ಲದು. ಟೆನ್ಸ್, ಐಎಫ್‌ಟಿ ಮುಂತಾದ ವಿದ್ಯುತ್ ಮಿಡಿತದ ಚಿಕಿತ್ಸೆಗಳು ಹೃದ್ರೋಗ ತಜ್ಞರ ಒಪ್ಪಿಗೆಯಿಲ್ಲದೆ ಬೇಡ. ಮಂಚದ ಮೇಲೆ ಮಲಗುವ ಮೊದಲೇ ಪೇಸ್‌ಮೇಕರ್ ಕಾರ್ಡನ್ನು ಕೈಗೆ ಕೊಡಿ; ಸೆರಗು ಅಥವಾ ಅಂಗಿ ಮುಚ್ಚಿದ್ದರೆ ಎದುರಿನವರಿಗೆ ಗೊತ್ತಾಗುವುದಿಲ್ಲ.

ಬಸ್ಸು, ಬೈಕು, ತೋಟ, ಆಟ, ಯೋಗ?

ಬಸ್ಸಿನಲ್ಲಿ ತಲೆಯ ಮೇಲಿನ ಕಂಬಿಯನ್ನು ಹಿಡಿಯದೆ ಸೀಟಿನ ಹಿಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಬೈಕಿನ ಹ್ಯಾಂಡಲ್ ತಗ್ಗಿನಲ್ಲಿದ್ದರೂ ಸೆಂಟರ್ ಸ್ಟ್ಯಾಂಡ್ ಹಾಕುವ ಎಳೆತ ದೊಡ್ಡದು. ಜ್ಞಾನ ತಪ್ಪಿದ ಕಾರಣಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವಾಹನ ಓಡಿಸಲು ವೈದ್ಯರ ಅನುಮತಿ ಪಡೆಯಲೇಬೇಕು. ದೋಟಿ ಹಿಡಿದು ಅಡಿಕೆ, ಮಾವು ಕೊಯ್ಯುವುದು, ಸೂರ್ಯ ನಮಸ್ಕಾರ, ಕೈ ಮುಂದೆ ಚಾಚಿ ಮಾಡುವ ಸಾಷ್ಟಾಂಗ ನಮಸ್ಕಾರ, ಇವೆಲ್ಲ ಅವಧಿ ಮುಗಿದ ಮೇಲೆ. ಅಲ್ಲಿಯವರೆಗೆ ದೇವರಿಗೆ ಕೈ ಮುಗಿದರೆ ಸಾಲದೇ? ವರ್ಷಗಟ್ಟಲೆ ಮೇಲ್ಗೈ ಬೀಸುವ ಕೆಲಸ ಅಥವಾ ಆಟದಲ್ಲಿರುವವರಿಗೆ ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವೆ ಲೀಡ್ ಸಿಕ್ಕಿ ಸವೆಯುವ ಅಪಾಯವಿರುವುದರಿಂದ ಅವರು ಮುಂದೆಯೂ ಕೇಳಿಕೊಂಡೇ ಹೆಜ್ಜೆ ಇಡಬೇಕು.

ಕೊಡಗಿನ ಬಂಧುವೊಬ್ಬರು ಕೋವಿಯ ಬಗ್ಗೆ ಕೇಳಿದ್ದರು. ಗುಂಡು ಹಾರಿದಾಗ ಕೋವಿಯ ಹಿಂಬದಿ ಹೆಗಲಿಗೆ ಹೊಡೆಯುವ ಹೊಡೆತ ಪೇಸ್‌ಮೇಕರಿನ ಮೇಲೆ ಬೀಳಬಾರದು. ಆದ್ದರಿಂದ ಎಡ ಹೆಗಲಿಗೆ ಕೋವಿ ಇಡುವವರು, ಹಾಗೆಯೇ ಎಡಚರು, ಶಸ್ತ್ರಚಿಕಿತ್ಸೆಗೆ ಮೊದಲೇ ತಿಳಿಸಿದರೆ ಬಲಬದಿಯಲ್ಲಿ ಅಳವಡಿಸುವ ಬಗ್ಗೆ ವೈದ್ಯರು ಯೋಚಿಸಬಹುದು.

ಮೂರು ತಿಂಗಳಾದರೂ ನೋವು ಹೋಗಿಲ್ಲ. ಮುಂದೇನು?

ವಯಸ್ಸಿನ ನೋವು ಎಂದು ತಳ್ಳಿಹಾಕಬೇಡಿ. ಬಿಗಿದ ಭುಜ, ಪೆಟ್ಟಿಗೆ ಕಂಕುಳಿನ ಕಡೆಗೆ ಸರಿದು ಕೈ ಆಡಿಸಿದಾಗಲೆಲ್ಲ ಒತ್ತುವುದು, ಚರ್ಮದಡಿಯ ನರ ಸಿಕ್ಕಿಕೊಳ್ಳುವುದು, ಜ್ವರವೇ ಇಲ್ಲದೆ ಒಳಗೆ ಹೊಗೆಯಾಡುವ ಸೋಂಕು, ಮೊದಲೇ ಇದ್ದ ಕತ್ತಿನ ಎಲುಬಿನ ಸವೆತ, ಹೀಗೆ ಕಾರಣಗಳು ಹಲವು, ಪ್ರತಿಯೊಂದರ ಪರಿಹಾರವೂ ಬೇರೆ. ಮೊದಲು ಪೇಸ್‌ಮೇಕರ್ ತಪಾಸಣೆ, ಬಳಿಕ ಮೂಳೆ ತಜ್ಞರು ಎಂಬ ಕ್ರಮದಲ್ಲಿ ಹೋದರೆ ಓಡಾಟ ಕಡಿಮೆ. ವೈದ್ಯರೆದುರು ನೋವಿದೆ ಎಂದಷ್ಟೇ ಹೇಳದೆ, ಯಾವ ಕೆಲಸ ಮಾಡುವಾಗ, ಕೈ ಯಾವ ಎತ್ತರದಲ್ಲಿದ್ದಾಗ ಬರುತ್ತದೆ ಎಂದು ತೋರಿಸಿ.

ಬ್ಯಾಟರಿ ಬದಲಿಸುವಾಗ ಮತ್ತೆ ಇಷ್ಟೇ ನೋವು ಅನುಭವಿಸಬೇಕೇ?

ಸಾಮಾನ್ಯವಾಗಿ ಇಲ್ಲ. ಎಂಟರಿಂದ ಹನ್ನೆರಡು ವರ್ಷಕ್ಕೆ ಬ್ಯಾಟರಿ ಕುಗ್ಗಿದಾಗ ಹಳೆಯ ಜೇಬನ್ನೇ ತೆರೆದು ಪೆಟ್ಟಿಗೆಯನ್ನು ಮಾತ್ರ ಬದಲಿಸುತ್ತಾರೆ. ಲೀಡ್‌ಗಳು ಹಳೆಯವೇ ಆಗಿದ್ದು ಗಟ್ಟಿಯಾಗಿ ಕೂತಿರುವುದರಿಂದ ಕೈ ಎತ್ತುವ ನಿರ್ಬಂಧ ಬಹುತೇಕ ಗಾಯ ಮಾಗುವವರೆಗೆ ಮಾತ್ರ. 1958ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ವ್ಯಕ್ತಿ ಆರ್ನೆ ಲಾರ್ಸನ್, 2001ರಲ್ಲಿ 86ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಕಂಡಿದ್ದರು; ಅವರಿಗೆ ಹೋಲಿಸಿದರೆ ನಮ್ಮದು ಒಂದೋ ಎರಡೋ ಸಲದ ಮಾತು.

ನಮ್ಮ ತಾಯಿಗೆ 81ನೆಯ ವಯಸ್ಸಿನಲ್ಲಿ ಬ್ಯಾಟರಿ ಬದಲಿಸಿದರು. ಮನೆಗೆ ಕಳಿಸುವಾಗ ಬಂದ ಕಿರಿಯ ವೈದ್ಯರು ಎಡಗೈ ಜೋಪಾನ ಎಂದದ್ದೇ ತಡ, ಅವರು ಮಂಚದ ಮೇಲಿಂದಲೇ ಎಷ್ಟು ದಿನ, ತಾರೀಖು ಹೇಳಿ ಎಂದು ಕೇಳಿದರು. ಹತ್ತು ದಿನ ಎಂದರು. ಹನ್ನೊಂದನೆಯ ದಿನ ಬೆಳಿಗ್ಗೆ ಎರಡೂ ಕೈ ಎತ್ತಿ ಜಡೆ ಹಾಕಿಕೊಳ್ಳುತ್ತಿದ್ದರು.